ಹುಡುಗಿಯನ್ನು ವಿಚಾರಿಸಲು ಬಂದವರು

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಫೇತ್, ಹೋಪ್, ಚಾರಿಟಿ ಮೂರನ್ನೂ ಕಲಿಸಿದ್ದರು. ಮೊದಲನೆಯದು, ನಂಬಿಕೆ, ನನ್ನ ತಲೆಗೆ ಹತ್ತಲೇ ಇಲ್ಲ. ಮೂರನೆಯದನ್ನು, ದಾನಧರ್ಮವನ್ನು, ಯಾರಾದರೂ ಮಾಡುತ್ತೇನೆಂದು ಬಂದರೆ ಕೈ ತಾನಾಗಿ ಪರ್ಸಿನ ಮೇಲೆ ಹೋಗುತ್ತದೆ.

ಹೀಗಿರುವಾಗ ಮೊಮ್ಮಗಳು ಹಂಸ ಆರ್ಟ್ ಹಿಸ್ಟರಿಯಲ್ಲಿ ಎಂ.ಎ. ಮಾಡುತ್ತೇನೆಂದಳು. ಹೊರರಾಜ್ಯದಲ್ಲಿ ಸೀಟೂ ಸಿಕ್ಕಿತು. ಫೀಸು, ಹಾಸ್ಟೆಲ್ಲು ನಮ್ಮ ಕೈಗೆ ಮೀರಿದ್ದು. ನನ್ನ ಮಗ ಹಿತ್ತಿಲ ಶೆಡ್ಡಿನಲ್ಲಿ ಗೂಡಿನಿಂದ ನೂಲು ತೆಗೆಯುವ ರೇಷ್ಮೆ ರೀಲಿಂಗ್ ನಿಲ್ಲಿಸಿ, ಶಿಡ್ಲಘಟ್ಟದಲ್ಲೇ ಬೇರೆಯವರ ಹತ್ತಿರ ಕೆಲಸಕ್ಕೆ ಹೋಗುತ್ತಾನೆ.

"ಕಲ್ಲಿನ ಕಂಬ ನೋಡೋಕೆ ಎಂ.ಎ. ಯಾಕಮ್ಮ? ನಂದಿ ದೇವಸ್ಥಾನಕ್ಕೆ ಬಸ್ಸಿದೆಯಲ್ಲ" ಎಂದೆ.

"ಅಜ್ಜಿ, ಒಬ್ಬರು ಕಟ್ಟಿಸಿದ್ದನ್ನ ಇನ್ನೊಬ್ಬರು ರಿಪೇರಿ ಮಾಡಿಸಿ, ಮತ್ತೊಬ್ಬರು ತಮ್ಮದೇ ಅಂದಿರ್ತಾರೆ. ಯಾರ ಮಾತನ್ನೂ ಸುಮ್ಮನೆ ನಂಬಬಾರದು ಅಂತ ಕಲಿಸೋದೇ ಈ ಕೋರ್ಸು."

ಅಷ್ಟು ಕೇಳಿದ ಮೇಲೆ ನಾನು ಅವಳ ಪಕ್ಷ. ಬೆಂಗಳೂರಿನ ಒಂದು ಟ್ರಸ್ಟಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಿದಳು. ಅದು ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಕೆಲವು ವಾರಗಳ ನಂತರ ಇಸ್ತ್ರಿ ಶರಟಿನ ಒಬ್ಬರು ನಮ್ಮ ಬೀದಿಗೆ ಬಂದು, ಎದುರುಮನೆ ರತ್ನಮ್ಮನನ್ನು ಕೇಳಿದರಂತೆ: ಆ ಮನೆ ಹುಡುಗಿ ಹೇಗೆ? ಅಪ್ಪನಿಗೆ ಏನು ಕೆಲಸ? ಜಮೀನು ಇದೆಯಾ? ನಮ್ಮ ಕಡೆ ಈ ಮೂರು ಪ್ರಶ್ನೆ ಕೇಳುವವರ ಮನೆಯಲ್ಲಿ ಮದುವೆಗೆ ಬಂದ ಗಂಡಿರುತ್ತದೆ. ಅಂಥವರ ಮುಂದೆ ನೆರೆಯವರ ಮಗಳನ್ನು ಎತ್ತಿ ಹಿಡಿಯದವರುಂಟೆ? ರತ್ನಮ್ಮ ಧಾರಾಳವಾಗಿ ನಮಗೆ ಇಲ್ಲದ ಹಿಪ್ಪುನೇರಳೆ ತೋಟವನ್ನೇ ಕೊಟ್ಟುಬಿಟ್ಟಿದ್ದಳು.

ಆಮೇಲೆ ಅವರು ನಮ್ಮ ಮನೆಗೇ ಬಂದರು. "ಹಂಸ ಅವರ ವಿಷಯ ವಿಚಾರಿಸಬೇಕಿತ್ತಮ್ಮ" ಎಂದರು. ನನಗೆ ಅನುಮಾನ ಬರದೆ ಇರುತ್ತದೆಯೆ? ಹುಡುಗಿ ಯಾರನ್ನೋ ಇಷ್ಟಪಟ್ಟಿದ್ದಾಳೆ, ಹುಡುಗನ ಸೋದರಮಾವ ಪರೀಕ್ಷೆಗೆ ಬಂದಿದ್ದಾನೆ, ಎಂ.ಎ. ಎಲ್ಲಾ ನೆಪ! ಇರಲಿ, ಮನೆತನ ಬಿಟ್ಟುಕೊಡಬಾರದು. ತೋಟ ಹೌದೆಂದೆ. ರೀಲಿಂಗ್ ಜೋರಾಗಿ ನಡೆಯುತ್ತಿದೆ ಎಂದೆ. ಬಾಗಿಲಲ್ಲಿ ನಿಂತಿದ್ದ ಪಕ್ಕದವರ ಕಾರಿನ ಕಡೆ ನಮ್ಮದೇ ಎಂಬಂತೆ ಒಮ್ಮೆ ನೋಡಿದೆ. ಅವರು ಎಲ್ಲವನ್ನೂ ಬರೆದುಕೊಂಡು ಎದ್ದರು.

"ಇಷ್ಟು ಅನುಕೂಲ ಇರೋರು ನಮ್ಮ ಟ್ರಸ್ಟಿಗೆ ಯಾಕಮ್ಮ ಅರ್ಜಿ ಹಾಕಿದ್ರಿ?"

ಇಷ್ಟು ವರ್ಷ ಅನುಮಾನಪಟ್ಟು, ಅನುಮಾನಿಸಬೇಕಾದ ಒಂದನ್ನೇ, ನನ್ನ ಅನುಮಾನವನ್ನೇ, ಬಿಟ್ಟಿದ್ದೆ. ಅವರ ಹಿಂದೆ ಗೇಟಿನ ತನಕ ಓಡಿದೆ. "ಸರ್, ಐ ಲೈಡ್" ಎಂದೆ. ಸುಳ್ಳು ಹೇಳಿದೆ ಎಂಬಂಥ ನಾಚಿಕೆಯ ಮಾತನ್ನು ನಾನು ಇಂಗ್ಲಿಷಿನಲ್ಲೇ ಆಡುವುದು. ಆಡಿದ್ದು ಬೇರೆ ಯಾರದೋ ಬಾಯಿ ಅನ್ನಿಸುತ್ತದೆ.

"ಯಾವುದನ್ನ ನಂಬಲಿ ನಾನು?"

"ನಂಬಬೇಡಿ. ಬಂದು ನೋಡಿ."

ಮಗ ಬೀಗ ಹಾಕಿದ ಮೇಲೆ ನಾನೇ ತೆರೆದಿರದ ಶೆಡ್ಡನ್ನು ಅಪರಿಚಿತರಿಗೆ ತೆರೆದೆ. ಒಣಗಿದ ತೊಟ್ಟಿ, ಜೇಡರ ಬಲೆ ಹಿಡಿದ ರಾಟೆ. ಆ ಬಲೆಯೊಂದೇ ಅಲ್ಲಿ ಹೊಸ ನೂಲು. ಅವರು ತುಂಬಾ ಹೊತ್ತು ನೋಡಿದರು. ಪುಟ ತಿರುಗಿಸಿ ಹೊಸದಾಗಿ ಬರೆಯತೊಡಗಿದರು. ಬಡವರೆಂದು ಬರೆಸಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಬರೆಸಿದ ಮೇಲೆ ಇಷ್ಟು ಹಗುರವೆಂದೂ.

ಮುಂದಿನ ತಿಂಗಳು ಟ್ರಸ್ಟಿನಿಂದ ಪತ್ರ ಬಂತು. ಹಂಸ ಅದನ್ನು ಹಿಡಿದು ಕುಣಿಯುವುದು ಕಂಡು ರತ್ನಮ್ಮ ಬೀದಿ ದಾಟಿ ಬಂದಳು.

"ಏನಮ್ಮಾ, ಗಂಡಿನ ಕಡೆಯೋರು ಒಪ್ಪಿದ್ರಾ?"

"ಒಪ್ಪಿದ್ರು ಕಣೇ. ಎರಡು ವರ್ಷ ಅವರೇ ಓದಿಸ್ತಾರಂತೆ. ಬದಲಿಗೆ ಏನೂ ಬೇಡವಂತೆ."

ರತ್ನಮ್ಮ ಅತ್ತಿತ್ತ ನೋಡಿ ನನ್ನ ಕಿವಿಯ ಹತ್ತಿರ ಬಂದಳು. "ಏನೂ ಬೇಡ ಅಂತಾರಾ? ಹುಷಾರಮ್ಮ. ಇನ್ನೊಂದು ಸಲ ಚೆನ್ನಾಗಿ ವಿಚಾರಿಸಿ."