ಕಡವು ದಾಟದ ದೋಣಿ

...ಅಥವಾ ಅದು ಕರ್ಪೂರದ ವಾಸನೆಯೇ ಅಲ್ಲವೇನೋ. ಸಿಡಿಯ ಪೆಟ್ಟಿಗೆ ತೆರೆದಾಗ ಮೂಗಿಗೆ ಬಡಿದದ್ದು ಬರೀ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಇರಬಹುದು. ಕರ್ಪೂರವನ್ನು ನಾನೇ ಆಮೇಲೆ ಸೇರಿಸಿರಬಹುದು. ಆದರೂ ವಿದ್ಯಾನಗರದ ಆ ಕಂಪ್ಯೂಟರ್ ಸೆಂಟರು ನೆನಪಾಯಿತು, ಅಲ್ಲಿ ನನಗೆ ಕಲಿಸಿದ ಮಾಷ್ಟ್ರು ನೆನಪಾದರು. ಇರುವೆ ಬಾರದಿರಲೆಂದು ಅವರು ಕೀಬೋರ್ಡುಗಳ ಕೆಳಗೆ ಕರ್ಪೂರ ಇಡುತ್ತಿದ್ದರು... ಅಥವಾ ಅಕ್ಕ ಇಡುತ್ತಿದ್ದರು. ಅಕ್ಕ ಎಂದರೆ ಅವರ ಹೆಂಡತಿ.

ಮಾಷ್ಟ್ರು ಒಂದು ವಿಡಿಯೋ ಗೇಮ್ ಮಾಡಿದ್ದರು. ಹೊಳೆಯ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುವ ಆಟ. ದೋಣಿ ಮಗುಚಿದರೆ ಅಕ್ಕನ ದನಿ ಗದರುತ್ತಿತ್ತು. ಮಂಗಳೂರಿನ ಒಂದು ಕಂಪನಿ ಅದನ್ನು ಪೂರ್ತಿಯಾಗಿ ಕೊಂಡುಕೊಂಡಿತು; ಅಕ್ಕನ ದನಿ ರೆಕಾರ್ಡ್ ಮಾಡಿದ್ದೂ ಅಲ್ಲಿಯೇ. ಆಟ ತೆರೆಯಬೇಕಾದರೆ ಪ್ರತಿ ಸಲವೂ ಇಂಟರ್‌ನೆಟ್ಟಿನಲ್ಲಿ ಕಂಪನಿಯ ಅಪ್ಪಣೆ ಬೇಕಿತ್ತು. ಕೆಲವು ವರ್ಷಗಳ ಬಳಿಕ ಅಕ್ಕ ತೀರಿಕೊಂಡರು. ಕಂಪನಿ ಬೇರೆಯವರ ಕೈಸೇರಿತು, ಅಪ್ಪಣೆ ಕೊಡುವ ಸರ್ವರ್ ನಿಂತಿತು. ಅಕ್ಕನ ದನಿ ಬೇರೆಲ್ಲೂ ಇರಲಿಲ್ಲ.

ಹೇಗೂ ಈಗ ಮಾರುತ್ತಿಲ್ಲ, ಬೀಗ ತೆಗೆದು ಪುಕ್ಕಟೆ ಕೊಟ್ಟುಬಿಡಿ ಎಂದು ಮಾಷ್ಟ್ರು ಫೋನಿನಲ್ಲಿ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಆ ಕಡೆಯ ಹುಡುಗಿ ಬೇಸರಿಸದೆ ವಿವರಿಸಿದಳು. ಸಂಗೀತ ಒಬ್ಬರದು, ಚಿತ್ರ ಇನ್ನೊಬ್ಬರದು, ಒಳಗಿನ ಪ್ರೋಗ್ರಾಮಿನ ಒಂದು ಭಾಗ ಹೊರದೇಶದ ಕಂಪನಿಯಿಂದ ಬಾಡಿಗೆಗೆ ತಂದದ್ದು, ಅದರ ಅವಧಿಯೂ ಮುಗಿದಿದೆ. ಎಲ್ಲರನ್ನೂ ಹುಡುಕಿ ಒಪ್ಪಿಸಲು ವಕೀಲರು ಬೇಕು. ಪುಕ್ಕಟೆ ಕೊಡುವುದಕ್ಕಾಗಿ ಆ ಖರ್ಚು ಯಾರು ಹಾಕುತ್ತಾರೆ? ಮುಂದೆಂದಾದರೂ ಹೊಸದಾಗಿ ಮಾಡಿ ಮಾರಬಹುದೆಂಬ ಆಸೆಯೂ ಅವರಿಗಿತ್ತು. ಸುಮ್ಮನೆ ಇಟ್ಟುಕೊಳ್ಳುವುದೇ ಸುಲಭ.

ಮಾಷ್ಟ್ರು ಫೋನಿಟ್ಟು ನಕ್ಕರು. ಇದು ನಮ್ಮ ತರವಾಡಿನ ಜಾಗದ ಹಾಗೆಯೇ ಎಂದರು. ಹಿರಿಯರ ಕಾಲದಿಂದ ಪಾಲಾಗದ ಆ ಕುಟುಂಬದ ಜಾಗದ ಹಕ್ಕುದಾರರು ಗಲ್ಫಿನಿಂದ ಮುಂಬಯಿಯವರೆಗೆ ಹರಡಿದ್ದರು. ಎಲ್ಲರೂ ಒಪ್ಪದೆ ಬೇಲಿಯೊಳಗಿನ ಮಾವಿನಕಾಯಿ ಯಾರೂ ಕೊಯ್ಯುವ ಹಾಗಿರಲಿಲ್ಲ. ಬಾವಲಿಗಳು ಮಾತ್ರ ಯಾರನ್ನೂ ಕೇಳದೆ ತಿನ್ನುತ್ತಿದ್ದವು. ಆಟಗಳ ಬೀಗ ಒಡೆದು ಕದ್ದು ಹಂಚುವವರೂ ಇದ್ದಾರಲ್ಲ, ಅಲ್ಲಿ ನೋಡುವ ಎಂದೆ. ಅವರು ನೋಡಿ ಆಗಿತ್ತು.

“ಹೆಸರಿದ್ದ ಆಟಕ್ಕಾದರೆ ಕಳ್ಳರಾದರೂ ಉಂಟು ಮಾರಾಯ. ನಮ್ಮ ಮರಕ್ಕೆ ಬಾವಲಿಯೂ ಬರಲಿಲ್ಲ.”

ಆಮೇಲೆ, ಅದೇ ದಿನವೋ ಬೇರೆ ದಿನವೋ, ನನ್ನನ್ನು ಕೇಳಿದರು. “ನಿನ್ನಷ್ಟು ದೋಣಿ ಮಗುಚಿದವರು ಯಾರೂ ಇಲ್ಲ. ಅವಳು ಎಂತ ಹೇಳುತ್ತಿದ್ದಳು, ನೆನಪುಂಟಾ?”

“‘ಪುನಃ ಮುಳುಗಿಸಿದೆಯಾ? ಬಾ, ಹತ್ತು’ ಅಂತ.”

ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಎರಡನೆಯ ಸಲ ಮಾತು ಸ್ವಲ್ಪ ಬೇರೆಯಾಗಿತ್ತೇನೋ... ಅವರು ತಿದ್ದಲಿಲ್ಲ.

ಮಾಷ್ಟ್ರು ಈಗಿಲ್ಲ. ಅವರು ಕೊಟ್ಟ, ಆಟದ ಈ ಸಿಡಿಯನ್ನು ಇವತ್ತು ಹಳೆಯ ಕಂಪ್ಯೂಟರಿಗೆ ಹಾಕಿದೆ. ದಡಕ್ಕೆ ಕಟ್ಟಿದ ದೋಣಿ ಪರದೆಯ ಮೇಲೆ ಬಂತು. ಅದರ ಕೆಳಗೆ, ಅಪ್ಪಣೆಗಾಗಿ ಕಾಯುವ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ನಾನೇ ಕಂಪ್ಯೂಟರ್ ಆರಿಸಿದೆ.

ಅಕ್ಕ ನಿಜವಾಗಿ ಏನು ಹೇಳುತ್ತಿದ್ದರೆಂದು ನನಗೆ ಗೊತ್ತಿಲ್ಲ.