ರಟ್ಟಿನ ಸಿನಿಮಾದಲ್ಲಿ ನನ್ನ ನಿದ್ದೆ

ನನ್ನ ಓರಗಿತ್ತಿ ಬೆಳಿಗ್ಗೆ ಎದ್ದ ಕೂಡಲೇ ಕನಸು ಹೇಳುತ್ತಿದ್ದಳು. ಹಲ್ಲುಜ್ಜುವುದಕ್ಕೂ ಮುಂಚೆ. ಹನೂರಿನಿಂದ ಬಂದ ಹುಡುಗಿ, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ರಾಟೆಯ ಮುಂದೆ ಕೂತು ರೇಷ್ಮೆ ಎಳೆ ಹಿಡಿದುಕೊಂಡೇ, ರಾತ್ರಿ ಕಂಡದ್ದನ್ನೆಲ್ಲ ಬಿಚ್ಚುವಳು. ಅವಳ ಗಂಡ, ಅಂದರೆ ನನ್ನ ಮೈದುನ, ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಲಾಳಿ ನಿಲ್ಲಿಸಿ ಕೇಳುವನು. "ಆಮೇಲೆ?" ಅನ್ನುವನು. ಆ 'ಆಮೇಲೆ' ಕಿವಿಗೆ ಬಿದ್ದರೆ ಸಾಕು, ಅಡುಗೆಮನೆಯಲ್ಲಿ ನನ್ನ ಹೊಟ್ಟೆ ಒಲೆಗಿಂತ ಮುಂಚೆ ಉರಿಯುತ್ತಿತ್ತು.

ಸುಳ್ಳು ಯಾಕೆ ಹೇಳಲಿ. ನಾನು ಯಳಂದೂರಿನಿಂದ ಕೊಳ್ಳೇಗಾಲದ ಆ ಮನೆಗೆ ಹಿರೀ ಸೊಸೆಯಾಗಿ ಬಂದು, ಅಷ್ಟೊತ್ತಿಗೆ ಎರಡು ಮಕ್ಕಳ ತಾಯಿಯಾಗಿದ್ದೆ. ನಮ್ಮನೆಯವರು ನನ್ನನ್ನು ಕೇಳುತ್ತಿದ್ದದ್ದು ನೀರು ಕಾದಿದೆಯಾ, ನೂಲು ಸುತ್ತಿದ್ದಾಯಿತಾ, ಇಷ್ಟೇ. ಕೆಟ್ಟವರೇನಲ್ಲ, ಒಂದು ದಿನವೂ ಕೈಯೆತ್ತಿದವರಲ್ಲ. ಆದರೆ ನಾನು ಯಾವುದಾದರೂ ಮಾತು ಅರ್ಧಕ್ಕೆ ಬಿಟ್ಟರೆ ಅದು ಅರ್ಧಕ್ಕೇ ಇರುತ್ತಿತ್ತು.

ಮೈದುನನಿಗೆ ಇದ್ದಕ್ಕಿದ್ದಂತೆ ಸಿನಿಮಾ ಹುಚ್ಚು ಹತ್ತಿತು. ಟೆಂಟಿಗೆ ಹೋಗಿ ನೋಡಿ ಬಂದದ್ದು ಸಾಲದೆ, ತಾನೇ ಒಂದು ಮಾಡುತ್ತೇನೆ ಅಂದ. ಜಕಾರ್ಡ್ ಮಗ್ಗದ ಮೇಲೆ, ಸೀರೆಯ ಹೂವು ಮೂಡಿಸುವುದಕ್ಕೆ ತೂತು ಹೊಡೆದ ರಟ್ಟುಗಳ ಸರ ಇರುತ್ತದೆ. ಒಂದಕ್ಕೊಂದನ್ನು ದಾರದಲ್ಲಿ ಹೊಲಿದು, ಕೊನೆಯ ರಟ್ಟನ್ನು ತಂದು ಮೊದಲನೆಯದಕ್ಕೇ ಕಟ್ಟಿರುತ್ತಾರೆ. ಅದೇ ಹೂವು ಮತ್ತೆ ಮತ್ತೆ ಬರಬೇಕಲ್ಲ. ಹಳತಾಗಿ ಅಟ್ಟ ಸೇರಿದ್ದ ಅಂಥ ಸರವೊಂದನ್ನು ಇಳಿಸಿದ. ಒಂದೊಂದು ರಟ್ಟಿನ ನಡುವೆಯೂ ಕಿಟಕಿ ಕೊರೆದ. ಗಾಳಿಪಟದ ಕಾಗದದ ಮೇಲೆ ಮಸಿಯಲ್ಲಿ ಚಿತ್ರ ಬರೆದು, ಆ ಕಿಟಕಿಗಳಿಗೆ ಅಂಟಿಸಿ, ಬೆಳಕು ಹಾಯಲಿ ಎಂದು ಕೊಬ್ಬರಿ ಎಣ್ಣೆ ಸವರಿದ. ಯಾವುದರ ಚಿತ್ರ ಅಂತೀರಿ? ಹೆಂಡತಿಯ ಕನಸಿನದ್ದು.

"ತಲೆಗೆ ಆಕಕ್ಕೆ ಎಣ್ಣೆ ಇಲ್ಲ, ಕನಸಿಗೆ ಬೇಕಂತೆ," ಎಂದು ನಾನು ಗೊಣಗಿದೆ.

"ಸುಮ್ಕಿರಮ್ಮಿ, ಐಕ್ಳು ಆಡ್ಕಳ್ಳಿ ಬುಡು," ಅಂದರು ಅತ್ತೆ. ಮೀಸೆ ಬಂದ ಐಕ್ಳು!

ಅಮಾವಾಸ್ಯೆಗೆ ಮಗ್ಗಗಳಿಗೆ ಬಿಡುವು. ಆ ಮಧ್ಯಾಹ್ನ ಮಗ್ಗದ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿ, ಒಂದು ತೂತು ಮಾತ್ರ ಬಿಟ್ಟರು. ನಮ್ಮನೆಯವರು ಅಂಗಳದಲ್ಲಿ ಕನ್ನಡಿ ಹಿಡಿದು ಆ ತೂತಿಗೆ ಬಿಸಿಲು ತಿರುಗಿಸುತ್ತ ನಿಂತರು. ಒಳಗೆ ಮೈದುನ ಭೂತಗನ್ನಡಿಯ ಮುಂದೆ ರಟ್ಟಿನ ಸರ ತಿರುಗಿಸಿದ. ಮೊದಲು ಚಿತ್ರದಲ್ಲಿದ್ದವರೆಲ್ಲ ಗೋಡೆಯ ಮೇಲೆ ತಲೆಕೆಳಗಾಗಿ ಬಂದರು. ಸರವನ್ನು ತಿರುವಿ ಹಾಕಿದ ಮೇಲೆ ನೆಟ್ಟಗಾದರು. ಕೇರಿಯ ಹೆಂಗಸರೆಲ್ಲ ಬಂದು ಒತ್ತಾಗಿ ಕೂತಿದ್ದರು.

ಗೋಡೆಯ ಮೇಲೆ ನನ್ನ ಓರಗಿತ್ತಿ ಬಾವಿಗೆ ಕೊಡ ಇಳಿಬಿಟ್ಟಳು. ಹಗ್ಗ ಎಳೆದರೆ ಕೊಡ ಬರಲಿಲ್ಲ, ಹನೂರಿನ ಅವಳ ತವರುಮನೆಯೇ ಮೇಲೆ ಬಂತು, ಹೆಂಚಿನಿಂದ ನೀರು ತೊಟ್ಟಿಕ್ಕುತ್ತ. ಜಗಲಿಯಲ್ಲಿ ಅವಳಪ್ಪ ಕೂತು ಒದ್ದೆ ಮೀಸೆ ಹಿಂಡಿಕೊಳ್ಳುತ್ತಿದ್ದ. ಆಮೇಲೆ ಕರುವಿನಷ್ಟು ದೊಡ್ಡ ರೇಷ್ಮೆಹುಳುಗಳು ಬಾಗಿಲಿಗೆ ಬಂದು ನಿಂತವು. ಸೊಪ್ಪು ಸಿಗದೆ ಅವಳ ಸೆರಗನ್ನೇ ಮೇದವು. ಅದರಲ್ಲಿ ಒಂದರ ಬೆನ್ನೇರಿ ನಮ್ಮ ಅತ್ತೆ ಸಂತೆಗೆ ಹೊರಟರು. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಕೊನೆಯ ರಟ್ಟಿನಲ್ಲಿ ಒಬ್ಬಳು ಬಂದಳು. ಸೆರಗು ಸಿಕ್ಕಿಸಿದ್ದಾಳೆ, ಕೈಯಲ್ಲಿ ನೀರಿನ ಚೊಂಬು, ಬಾಯಿ ಮಾತ್ರ ಚೊಂಬಿಗಿಂತ ಅಗಲ. ಮಲಗಿದವಳನ್ನು ಎಬ್ಬಿಸುತ್ತಿದ್ದಾಳೆ. "ಅಯ್ಯೋ, ಇವಳೇ ಕಣ್ರವ್ವ," ಎಂದು ಪಕ್ಕದ ಮನೆಯವಳು ನನ್ನ ತೊಡೆಗೆ ಹೊಡೆದಳು. ಕೋಣೆಯೇ ಘೊಳ್ಳೆಂದಿತು. ನೋಡಿ ನ್ಯಾಯ: ಕನಸೆಲ್ಲ ಅವಳ ಪಾಲಿಗೆ, ಎಚ್ಚರ ನನ್ನ ಪಾಲಿಗೆ. ಸರ ತಿರುಗಿ ಮತ್ತೆ ಬಾವಿ ಬಂತು, ಮನೆ ಬಂತು, ಹುಳು ಬಂದವು, ಮತ್ತೆ ನಾನು ಬಂದೆ.

ಎರಡನೆಯ ಸಲ ಗಮನಿಸಿದೆ. ನನ್ನ ಕೈಯ ಚೊಂಬಿನ ನೀರಿನಲ್ಲಿ ಬೆರಳುಗುರಿನಷ್ಟು ಸಣ್ಣದಾಗಿ ಆ ಹೆಂಚಿನ ಮನೆ ತೇಲುತ್ತಿತ್ತು. ಕನಸಿನ ಮನೆ ಎಚ್ಚರದವಳ ಚೊಂಬಿಗೆ ಬಂದುಬಿಟ್ಟಿತ್ತು. ಚೆನ್ನಾಗಿದ್ದದ್ದನ್ನು ಚೆನ್ನಾಗಿಲ್ಲ ಅನ್ನುವುದಕ್ಕೆ ನನ್ನ ಕೈಲಾಗುವುದಿಲ್ಲ. ಇಂಥದ್ದು ಇವರಿಬ್ಬರಿಗೆ ಹೊಳೆಯಿತಲ್ಲ ಎಂದು ಇನ್ನಷ್ಟು ಉರಿದುಕೊಂಡೆ.

ಮಾರನೆಯ ಬೆಳಿಗ್ಗೆ ಮಾನ ಬಿಟ್ಟು ಮೈದುನನ ಮುಂದೆ ಹೋಗಿ ನಿಂತೆ. "ನಂದೂ ಒಂದು ಕನಸ ಬರಿ," ಅಂದೆ.

ಅವನು ಲಾಳಿ ನಿಲ್ಲಿಸಿದ. "ಬರೀತೀನಿ ಅತ್ತಿಗೆ. ಏನು ಕನಸು?"

ಎಲ್ಲರಿಗಿಂತ ಮುಂಚೆ ಏಳುವವಳಿಗೆ ಕನಸು ನೆನಪಿಡುವುದಕ್ಕೆ ಪುರುಸೊತ್ತು ಎಲ್ಲಿ? ರಾಟೆಯ ಮುಂದಿನಿಂದ ಓರಗಿತ್ತಿ ಹೇಳಿದಳು, "ಅಕ್ಕ, ನನ್ನ ಕನಸಲ್ಲೇ ಒಂದ ತಕ್ಕಳಿ. ನಂಗೆ ಬೇಕಾದಷ್ಟವೆ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಪಕ್ಕದ ಮನೆಗೆ ಒಂದು ಹಿಡಿ ಉಪ್ಪು ಕೊಡುವ ಹಾಗೆ. ಅದಕ್ಕೇ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. "ನಿನ್ನ ಕನಸು ನಂಗ್ಯಾಕಮ್ಮಿ? ನಂಗೂ ಬೀಳ್ತದೆ. ನಾನು ಮಲಗಿರ್ತೀನಿ. ಬಿಸ್ಲು ನೆತ್ತಿಗೆ ಬಂದಿರ್ತದೆ. ಯಾರೂ ಎಬ್ಬುಸಲ್ಲ," ಅಂದೆ. ಎಲ್ಲಿಂದ ಬಂತೋ ಆ ಮಾತು.

"ಅಷ್ಟೇನಾ?" ಅಂದ ಮೈದುನ. ಅವಳಿಗೆ 'ಆಮೇಲೆ', ನನಗೆ 'ಅಷ್ಟೇನಾ'.

ಆದರೂ ಬರೆದ. ಮುಂದಿನ ಅಮಾವಾಸ್ಯೆಗೆ ಮತ್ತೆ ಕೋಣೆ ಕತ್ತಲಾಯಿತು, ನಮ್ಮನೆಯವರು ಮತ್ತೆ ಕನ್ನಡಿ ಹಿಡಿದು ಅಂಗಳದಲ್ಲಿ ನಿಂತರು. ಬಾವಿ, ಮನೆ, ಹುಳು, ಅತ್ತೆ ಎಲ್ಲ ಹೋದ ಮೇಲೆ ನಾನು ಬಂದೆ. ಚಾಪೆಯ ಮೇಲೆ ಒಂದು ಕೈ ತಲೆಗೆ ಕೊಟ್ಟು, ಬಾಯಿ ಸ್ವಲ್ಪ ತೆರೆದು, ಕಾಲಿನವರೆಗೂ ಬಿಸಿಲು ಹೊದ್ದು ಮಲಗಿದ್ದೆ.

"ಇದೇನವ್ವ, ಬರೀ ಮಲಗವಳೆ," ಅಂದಳು ಪಕ್ಕದ ಮನೆಯವಳು. ಯಾರೂ ನಗಲಿಲ್ಲ. ಮೈದುನ ಯಾಕೋ ಆ ರಟ್ಟನ್ನು ಬೇಗ ತಿರುಗಿಸಲಿಲ್ಲ. ನಾನು ಕಣ್ಣು ಕೀಳದೆ ನೋಡಿದೆ. ಎಷ್ಟು ಆರಾಮಾಗಿ ಮಲಗಿದ್ದಾಳೆ, ಪುಣ್ಯಾತ್ಗಿತ್ತಿ. ಓರಗಿತ್ತಿಯ ಮೇಲೆ ಕೂಡ ನಾನು ಅಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ.

ಒಳಗಿನಿಂದ ನಗು ಕೇಳಿಸದ್ದಕ್ಕೆ ಅಂಗಳದಿಂದ ನಮ್ಮನೆಯವರು ಕೂಗಿದರು. ಕನ್ನಡಿ ಬಿಟ್ಟು ಬಂದರೆ ಬೆಳಕು ಹೋಗುತ್ತದೆ. ಪಾಪ, ಅವರು ಒಂದು ಸಲವೂ ಸಿನಿಮಾ ನೋಡಿರಲಿಲ್ಲ. "ಏನ್ಲೇ ಬಂದದೆ ಈಗ?"

"ನಾನು ಮಲಗಿವ್ನಿ," ಅಂದೆ.

"ಆಮೇಲೆ?"

ಅಷ್ಟರಲ್ಲಿ ಮೈದುನ ಸರ ತಿರುಗಿಸಿದ. ಹೊಸ ರಟ್ಟನ್ನು ಅವನು ಹೊಲಿದಿದ್ದದ್ದು ಆ ಚೊಂಬಿನವಳಿಗೆ ಸರಿಯಾಗಿ ಮುಂಚೆ. ಗೋಡೆಯ ಮೇಲೆ ಅವಳು ಬಾಯಿ ತೆರೆದುಕೊಂಡು ಬಂದು ನಿಂತಳು.

"ಎಬ್ಬುಸ್ಬುಟ್ರು," ಅಂದೆ.

"ಯಾರು?"

"ನಾನೇಯ."