ಹಲಗಿ ಬಾರಿಸಿ ಹೇಳಿದ ಅಭಿಪ್ರಾಯ

ಹತ್ತೊಂಬತ್ತು ನೂರಾ ಮೂವತ್ತೆಂಟನೆಯ ಇಸವಿಯಲ್ಲಿ ನಾನು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ, ಈ ಮೂರೂ ಸಂತೆಗಳ ಅಧಿಕೃತ ವಾಚಕನಾಗಿದ್ದೆ. ಈಗ ನಿವೃತ್ತನಾಗಿದ್ದೇನೆ. ವಯಸ್ಸು ಹದಿನೇಳು. ಇಷ್ಟು ಬೇಗ ನಿವೃತ್ತಿ ಹೇಗೆ ಎಂದು ಕೇಳುವವರು ಕೊನೆಯವರೆಗೆ ಓದಬೇಕು. ಇದನ್ನು ನಗಿಸಲಿಕ್ಕೆ ಬರೆಯುತ್ತಿದ್ದೇನೆ ಎಂದು ಕೆಲವರು ತಿಳಿಯಬಹುದು. ಇಲ್ಲ, ಸಿಟ್ಟಿಗೆ ಬರೆಯುತ್ತಿದ್ದೇನೆ. ನಡುವೆ ನಗು ಬಂದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಹಿಂದಿನ ವರ್ಷ ಚುನಾವಣೆ ನಡೆದು ನಮ್ಮ ಭಾಗದಿಂದ ಒಬ್ಬರು ಮುಂಬಯಿ ಶಾಸನಸಭೆಗೆ ಆರಿಸಿ ಹೋಗಿದ್ದರು. ಊರೆಲ್ಲ ಅವರನ್ನು ಮೆಂಬರ್ ಸಾಹೇಬರು ಎನ್ನುತ್ತಿತ್ತು. ನಾನೂ ಹಾಗೆಯೇ ಎನ್ನುತ್ತೇನೆ. ಹೆಸರು ಹೇಳಿ ಅವರಿಗೆ ಇನ್ನಷ್ಟು ಪ್ರಸಿದ್ಧಿ ತಂದುಕೊಡುವ ಮನಸ್ಸಿಲ್ಲ. ಅಲ್ಲಿ ಮಾತೆಲ್ಲ ಇಂಗ್ಲಿಷು, ಇಲ್ಲವೆ ಮರಾಠಿ. ಆದ್ದರಿಂದ ಸಾಹೇಬರು ಅಧಿವೇಶನ ಮುಗಿಸಿ ಘಟಪ್ರಭಾದಲ್ಲಿ ರೈಲು ಇಳಿದು ಹುಕ್ಕೇರಿಯ ತಮ್ಮ ವಾಡೆಗೆ ಬಂದ ಕೂಡಲೇ, ಸಭೆಯಲ್ಲಿ ತಾವು ಮಾತಾಡಿದ್ದೇನು, ಯಾವ ವಿಷಯದಲ್ಲಿ ತಮ್ಮ ವಿಚಾರವೇನು ಎಂಬುದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿಸುತ್ತಿದ್ದರು. ಮತದಾರರಿಗೆ ಎಲ್ಲವೂ ತಿಳಿದಿರಬೇಕು ಎಂಬುದು ಅವರ ಹಟ. ಹಟವೇನೋ ಒಳ್ಳೆಯದೇ. ಆದರೆ ನಮ್ಮಲ್ಲಿ ಓದುಬಲ್ಲವರು ಕಡಿಮೆ. ಸಂತೆಯಲ್ಲಿ ನಿಂತು ಗಟ್ಟಿಯಾಗಿ ಓದುವವನೊಬ್ಬ ಬೇಕಾಗಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ನನ್ನ ದನಿ ಎಂಥದ್ದೆಂದರೆ, ಗೋಕಾಕದಲ್ಲಿ ಕೆಮ್ಮಿದರೆ ಧುಪದಾಳದ ಒಡ್ಡಿನಲ್ಲಿ ನೀರು ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಕೆಲಸ ಸಿಕ್ಕಿತು.

ಮೊದಲ ವಾರಗಳು ನನ್ನ ವೃತ್ತಿಜೀವನದ ಕತ್ತಲೆಯ ಕಾಲ. ನಾನು ಶಾಸನಸಭೆಯ ನೀರಾವರಿ ಚರ್ಚೆ ಓದುತ್ತಿದ್ದರೆ ಎದುರಿಗೆ ನಿಂತು ಕೇಳುತ್ತಿದ್ದುದು ಒಂದು ಆಡು, ಅದೂ ಕಾಗದ ತಿನ್ನುವ ಆಸೆಗೆ. ಮೂಡಲಗಿಯಲ್ಲಿ ಅದು ಕೂಡ ಅರ್ಧಕ್ಕೆ ಎದ್ದು ಹೋಯಿತು. ಹೀಗಾಗಿ ಸ್ವಲ್ಪ ಒಗ್ಗರಣೆ ಹಾಕಲು ಶುರು ಮಾಡಿದೆ. ಸಾಹೇಬರು 'ಕಾಲುವೆಯ ವಿಷಯ ಪ್ರಸ್ತಾಪಿಸಿದೆ' ಎಂದು ಬರೆದಿದ್ದರೆ ನಾನು, ಸಾಹೇಬರು ಮೇಜು ಗುದ್ದಿದ ಏಟಿಗೆ ಸಭಾಪತಿಯ ಕನ್ನಡಕ ಹಾರಿ ಮಸಿಕುಡಿಕೆಗೆ ಬಿತ್ತು, ಮುಂದಿನ ಸಾಲಿನವರೆಲ್ಲ ನೀಲಿಯಾದರು ಎನ್ನುತ್ತಿದ್ದೆ. ಜನ ನಕ್ಕು, ಹಾಗೇ ಮೆಣಸಿನಕಾಯಿ ಕೊಳ್ಳಲು ಹೊರಟುಬಿಡುತ್ತಿದ್ದರು. ನಗುವವರು ನಿಲ್ಲುವುದಿಲ್ಲ ಎಂಬುದು ಈ ವೃತ್ತಿಯ ದೊಡ್ಡ ಕಷ್ಟ.

ಸುದ್ದಿ ಸಾಹೇಬರಿಗೆ ಮುಟ್ಟಿತು. ನನ್ನನ್ನು ಹುಕ್ಕೇರಿಗೆ ಕರೆಸಿದರು. ತೂಗುಮಂಚದ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಯಿಂದ ಕಣ್ಣು ಎತ್ತದೆ ಹೇಳಿದರು:

"ಹಲಗಿ ಭರಮಪ್ಪನ್ನ ಜೋಡಿ ಕರಕೊಂಡ ಹೋಗು. ಹಲಗಿ ಬಾರಸು, ಮಂದಿ ತಾನ ಕೂಡತೈತಿ."

ಈ ಮಾತನ್ನು ನಾನು ನನ್ನ ಎರಡೂ ಕಿವಿಗಳಿಂದ ಕೇಳಿದ್ದೇನೆ. ಅಡಿಕೆಯ ಒಂದು ಚೂರು ಹಾರಿ ನನ್ನ ಕಾಲಮೇಲೆ ಬಿದ್ದದ್ದೂ ನೆನಪಿದೆ. ನೀವೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊರಗಿನ ಓದುಗರಿಗೆ ಹಲಗಿಯ ವಿಷಯ ಸ್ವಲ್ಪ ಹೇಳಬೇಕು. ಅದು ಚರ್ಮ ಬಿಗಿದ, ಕೋಲಿನಿಂದ ಬಾರಿಸುವ ವಾದ್ಯ. ಆದರೆ ನಮ್ಮ ಸಂತೆಗಳಲ್ಲಿ ಅದು ಸರಕಾರದ ಬಾಯಿ. ಕಾಲರಾ ಬಂದಿದೆ, ಆ ಬಾವಿಯ ನೀರು ಮುಟ್ಟಬೇಡಿ. ಇಂಥವರ ಜಮೀನು ಲಿಲಾವಿಗಿದೆ, ಹರಾಜು ಕೂಗುವವರು ಬನ್ನಿ. ಒಡ್ಡಿನಿಂದ ಕಾಲುವೆಗೆ ನೀರು ಬಿಡುತ್ತಾರೆ. ಇವೆಲ್ಲ ಹಲಗಿಯ ಮೇಲೆಯೇ ಬರಬೇಕು. ಹಲಗಿ ಕೇಳಿದರೆ ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲುತ್ತದೆ. ಜಗಳವಾಡುತ್ತಿರುವವರು ಉಳಿದ ಬೈಗುಳವನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾರೆ. ಮಾತು ಮುಗಿದ ಮೇಲೆ ಹಲಗಿಯವನು ಮುಕ್ತಾಯದ ಪೆಟ್ಟು ಹಾಕುತ್ತಾನೆ. ಆ ಪೆಟ್ಟು ಬಿತ್ತೆಂದರೆ ಕೇಳಿದವರು ಕೇಳಿಲ್ಲ ಎನ್ನುವಂತಿಲ್ಲ, ಹೇಳಿದವರು ಹೇಳಿಲ್ಲ ಎನ್ನುವಂತಿಲ್ಲ. ಇದು ನಮ್ಮಲ್ಲಿ ಅಜ್ಜನ ಕಾಲದಿಂದ ನಡೆದುಬಂದ ರೀತಿ.

ಭರಮಪ್ಪ ಕಾಕಾ ಹಲಗಿ ಬಾರಿಸಿದ ಮೊದಲ ದಿನವೇ ಗೋಕಾಕ ಸಂತೆ ನನ್ನ ಸುತ್ತ ಗೋಡೆಯಂತೆ ನಿಂತಿತು. ನನಗೆ ಕೊಂಬು ಬಂದವು. ಆ ಸಲ ಸಾಹೇಬರು ಅಡವಿಯ ವಿಷಯ ಬರೆದಿದ್ದರು. ಕಾಯ್ದಿಟ್ಟ ಸರಕಾರಿ ಅಡವಿಯಲ್ಲಿ ದನ ಮೇಯಿಸಲು ಪರವಾನಗಿ ಬೇಕು. "ರೈತರ ದನಗಳು ಅಡವಿಯಲ್ಲಿ ನಿರ್ಬಂಧವಿಲ್ಲದೆ ಮೇಯತಕ್ಕದ್ದು, ಇದು ನನ್ನ ಸ್ಪಷ್ಟವಾದ ಅಭಿಪ್ರಾಯ" ಎಂಬ ಸಾಲು. ಕನ್ನಡಕದ ಕಥೆ, ಮಸಿಯ ಕಥೆ ಎಲ್ಲ ನನ್ನವು. ಆ ಸಾಲು ಮಾತ್ರ ಸಾಹೇಬರದು, ಇದ್ದದ್ದು ಇದ್ದ ಹಾಗೆ ಓದಿದೆ. ಅಭಿಪ್ರಾಯ ಎಂಬುದನ್ನೂ ಗಟ್ಟಿಯಾಗಿಯೇ ಓದಿದೆ. ಆದರೆ ಹಲಗಿ ಬಾರಿಸಿ ಅಭಿಪ್ರಾಯ ಹೇಳಿದವರು ಈ ಸೀಮೆಯಲ್ಲಿ ಅಲ್ಲಿಯವರೆಗೆ ಹುಟ್ಟಿರಲಿಲ್ಲ. ಹಲಗಿಯ ಮೇಲೆ ಬರುವುದು ಹುಕುಂ. ಭರಮಪ್ಪ ಕಾಕಾ ಮುಕ್ತಾಯದ ಪೆಟ್ಟು ಹಾಕಿದ. ಜನ ತಲೆಯಾಡಿಸಿ ಮನೆಗೆ ಹೋದರು, ಮರುದಿನ ದನ ಹೊಡೆದುಕೊಂಡು ಅಡವಿಗೆ ಹೋದರು.

ಮುಂದಿನ ಸಂತೆಗೆ ನೀಲವ್ವ ಬಂದಳು. ಧುಪದಾಳದ ಈಚೆಯ ಹಳ್ಳಿಯವಳು. ಗಂಡ ತೀರಿದ ಮೇಲೆ ತಾನೇ ಎತ್ತಿನ ಗಾಡಿ ಹೊಡೆದು ವ್ಯಾಪಾರಿಗಳ ಬೆಲ್ಲ, ಹತ್ತಿ ಎಲ್ಲವನ್ನೂ ಘಟಪ್ರಭಾ ಸ್ಟೇಶನ್ನಿಗೆ ಮುಟ್ಟಿಸುತ್ತಿದ್ದಳು. ಗಾಡಿಯ ಮೇಲಲ್ಲದೆ ಅವಳನ್ನು ನಾನು ನೋಡಿದ್ದೇ ಇಲ್ಲ. ಅವತ್ತು ನಡೆದುಕೊಂಡು ಬಂದಿದ್ದಳು, ಕೈಯಲ್ಲಿ ಬಾರುಕೋಲು ಹಾಗೇ ಇತ್ತು.

"ತಮ್ಮಾ, ನನ್ನ ಎತ್ತ ಹಿಡಕೊಂಡ ಹೋಗ್ಯಾರ," ಎಂದಳು. "ನೀ ಹಲಗಿ ಮ್ಯಾಲ ಹೇಳಿದ್ದಿ, ಹೌದಿಲ್ಲೊ?"

ಫಾರೆಸ್ಟ್ ಗಾರ್ಡುಗಳು ಆ ವಾರ ಅಡವಿ ಹೊಕ್ಕ ದನಗಳನ್ನೆಲ್ಲ ಕೊಂಡವಾಡಕ್ಕೆ ತುಂಬಿದ್ದರು. ಕೊಂಡವಾಡ ಎಂದರೆ ಮೇಯಬಾರದ ಕಡೆ ಮೇಯ್ದ ದನಗಳ ಜೈಲು. ವ್ಯತ್ಯಾಸವೇನೆಂದರೆ ಜೈಲಿನಲ್ಲಿ ಊಟ ಕೊಡುತ್ತಾರಂತೆ. ಹಳ್ಳಿಯ ಕಡೆಯ ಕೊಂಡವಾಡಗಳು ತುಂಬಿಹೋಗಿ ಅವಳ ಎತ್ತುಗಳನ್ನು ಗೋಕಾಕಕ್ಕೇ ತಂದಿದ್ದರು. ನಾನು ಅವಳ ಜೊತೆ ಹೋದೆ. ಬಿಸಿಲಿನಲ್ಲಿ, ಒಂದು ಕಡ್ಡಿ ಮೇವಿಲ್ಲದ ಅಂಗಳದಲ್ಲಿ ಕೆಂಚ್ಯಾ, ಬಿಳ್ಯಾ ಎಂಬ ಎರಡೂ ಎತ್ತು ನಿಂತಿದ್ದವು. ಅವಳ ದನಿ ಕೇಳಿ ಕೆಂಚ್ಯಾ ಗೇಟಿಗೆ ಬಂದು ಮೂಗು ಒತ್ತಿತು. ಬಿಳ್ಯಾ ನಿಂತಲ್ಲೇ ತಲೆ ತಿರುಗಿಸಿತು, ಅಷ್ಟೇ.

ಅಲ್ಲಿನ ಗುಮಾಸ್ತ ಮುಚ್ಚಳಿಕೆಯ ಕಾಗದ ಮುಂದಿಟ್ಟ. ನಿಷೇಧವಿದೆ ಎಂದು ಗೊತ್ತಿದ್ದೂ ಕದ್ದು ಮೇಯಿಸಿದ್ದೇನೆ ಎಂದು ಒಪ್ಪಿಕೊಂಡು, ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಉಳಿದವರೆಲ್ಲ ಹಾಗೇ ಮಾಡಿದ್ದರು. ಇಲ್ಲದಿದ್ದರೆ ಮುಂದಿನ ಸಂತೆಯ ದಿನ ಮಧ್ಯಾಹ್ನ ಲಿಲಾವು.

"ಒತ್ತವ್ವಾ ಹೆಬ್ಬೆಟ್ಟ, ಎಲ್ಲಾರೂ ಒತ್ಯಾರ," ಎಂದ ಅವನು.

"ಅವರ ಒತ್ತಲಿ. ನಾ ಹಲಗಿ ಕೇಳಿ ಎತ್ತ ಬಿಟ್ಟೇನಿ. ಕಳವು ಅಂತ ಬರದಿದ್ದಕ್ಕ ನನ್ನ ಹೆಬ್ಬೆಟ್ಟ ತಾಗಾಂಗಿಲ್ಲ. ನಾಳೆ ಯಾರ ನಂಬಿ ತಮ್ಮ ಮಾಲು ನನ್ನ ಗಾಡ್ಯಾಗ ಹೇರತಾರ?"

ಗುಮಾಸ್ತ ಕಾಗದವನ್ನು ಮಡಚಿ ಇಟ್ಟುಕೊಂಡ.

ನಾನು ಮರುದಿನವೇ ಹುಕ್ಕೇರಿಗೆ ಹೋದೆ. ಸಾಹೇಬರ ಮುಂದೆ ಸಂಕೇಶ್ವರದ ಕಡೆಯ ಗೌಡರ ನಾಲ್ಕು ದೊಡ್ಡ ರುಮಾಲುಗಳು ಚಹಾ ಕುಡಿಯುತ್ತಿದ್ದವು. ನಾನು ನಡೆದದ್ದನ್ನೆಲ್ಲ ಹೇಳಿ ಬೇಡಿಕೊಂಡೆ: ಸಾಹೇಬರು ಒಂದು ಮಾತು ಬರೆದುಕೊಟ್ಟರೆ ಸಾಕು, ಈಕೆ ಕದ್ದಿಲ್ಲ, ನಮ್ಮ ಡಂಗುರ ಕೇಳಿ ಎತ್ತು ಬಿಟ್ಟಿದ್ದಾಳೆ ಎಂದು. ಅವರು ಕೇಳಿದ ಮೊದಲ ಪ್ರಶ್ನೆ ಹೀಗಿತ್ತು:

"ಮತದಾರ್ರ ಯಾದಿಯೊಳಗ ಆಕಿ ಹೆಸರ ಐತೇನು?"

ಇಲ್ಲ ಎಂದೆ. ಆಸ್ತಿ ಇದ್ದವರಿಗೆ, ಓದು ಬರುವವರಿಗೆ ಮಾತ್ರ ಓಟು. ಎರಡು ಎತ್ತಿಗೆ ಯಾರು ಓಟು ಕೊಡುತ್ತಾರೆ? ಸಾಹೇಬರು ಕಪ್ಪು ಕೆಳಗಿಟ್ಟರು.

"ನಾ ಅಭಿಪ್ರಾಯ ಹೇಳೇನಿ, ಹುಕುಂ ಕೊಟ್ಟಿಲ್ಲ. ಹಲಗಿ ಬಾರಸಂತ ನಿನಗ ಯಾರ ಹೇಳಿದ್ರು?"

"ನೀವರಿ."

ಅವರು ನನ್ನ ಕಡೆ ನೋಡಲಿಲ್ಲ, ರುಮಾಲುಗಳ ಕಡೆ ತಿರುಗಿ ನಕ್ಕರು. "ಈ ಹುಡುಗ ಎಲ್ಲಾದಕ್ಕೂ ಉಪ್ಪು ಖಾರ ಹಚ್ಚತಾನ. ಇವನ ಮಾತ ಹಿಡೀಬ್ಯಾಡ್ರಿ." ರುಮಾಲುಗಳೂ ನಕ್ಕವು. ಅವರಲ್ಲೊಬ್ಬರಂತೂ ಕನ್ನಡಕದ ಕಥೆಯನ್ನು ಮತ್ತೊಮ್ಮೆ ಹೇಳೆಂದು ಕೇಳಿದರು.

ನನ್ನ ಸಿಟ್ಟು ಎಷ್ಟಿತ್ತೆಂದರೆ, ಇಲ್ಲಿ ಏನಾದರೂ ದೊಡ್ಡ ಹೋಲಿಕೆ ಬರೆಯಬೇಕೆಂದು ಬಹಳ ಹೊತ್ತು ಕೂತೆ, ಒಂದೂ ಸಾಕಾಗಲಿಲ್ಲ. ಸಭಾಪತಿಗೆ ಮಸಿ ಹಚ್ಚಿದಾಗ ಎಲ್ಲರೂ ನಂಬಿದರು. ಕಾಲಮೇಲೆ ಅಡಿಕೆಯ ಚೂರು ಬಿದ್ದ ನಿಜವನ್ನು ಯಾರೂ ನಂಬಲಿಲ್ಲ. ತಮ್ಮ ವಿಚಾರ ಜನಕ್ಕೆ ಮುಟ್ಟಬೇಕು ಎನ್ನುವವರು ಇವರು. ಮುಟ್ಟಿದಾಗ, ಯಾರ ಮೈಮೇಲೆ ಬಿತ್ತು ಎಂದು ನೋಡಲು ಮೊದಲು ಯಾದಿ ತೆಗೆಯುತ್ತಾರೆ. ಬೈಯಬೇಕೆನಿಸಿತು. ಅವರ ಮನೆಯ ಚಹಾ ನನ್ನ ಕೈಯಲ್ಲೇ ಇತ್ತು. ಕುಡಿಯದೆ ಇಟ್ಟು ಬಂದೆ. ಹೊರಡುವಾಗ ಸಾಹೇಬರು ಅಪ್ಪಣೆ ಕೊಟ್ಟರು: ಮುಂದಿನ ಗೋಕಾಕ ಸಂತೆಗೆ ತಾವೇ ಬಂದು ಭಾಷಣ ಮಾಡುತ್ತಾರೆ, ಅದಕ್ಕೂ ಮುಂಚೆ ನಾನು ಹಲಗಿ ಹಾಕಿಸಿ 'ಜನರು ತಪ್ಪು ತಿಳಿದುಕೊಂಡಿದ್ದಾರೆ' ಎಂದು ಸಾರಬೇಕು.

ಹಲಗಿ ಹಾಕಿಸಿ. ಈ ಸಲ ನಾಲ್ಕು ರುಮಾಲುಗಳ ಮುಂದೆಯೇ ಹೇಳಿದರು.

ಸಂತೆಯ ದಿನ ಸಾಹೇಬರು ಕೋಟು ಹಾಕಿಕೊಂಡು ಬಂದು ಬೇವಿನ ಮರದ ಕಟ್ಟೆಯ ಮೇಲೆ ನಿಂತರು. ಬಿಸಿಲು ಏರಿತ್ತು. ಕೊಂಡವಾಡ ಅಲ್ಲಿಂದ ಕೂಗಳತೆ. ಲಿಲಾವಿಗೆ ಬಂದ ದನದ ವ್ಯಾಪಾರಿಗಳು ಆಗಲೇ ಗೇಟಿನ ಹತ್ತಿರ ಎತ್ತುಗಳ ಹಲ್ಲು ನೋಡಲು ಹವಣಿಸುತ್ತಿದ್ದರು. ನೀಲವ್ವ ಬಾರುಕೋಲು ಹಿಡಿದು ಅವರಿಗೂ ಎತ್ತಿಗೂ ನಡುವೆ ನಿಂತಿದ್ದಳು. ಭರಮಪ್ಪ ಕಾಕಾ ಹಲಗಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಿಕೊಂಡು ಬಂದ. ಅವನಿಗೆ ನಾನು ಏನೂ ಹೇಳಿರಲಿಲ್ಲ. ಅವನು ಬಾರಿಸಿದ, ಸಂತೆ ನಿಂತಿತು. ನಾನು ಕಟ್ಟೆ ಹತ್ತಿದೆ.

"ಕೇಳ್ರೆಪ್ಪಾ ಕೇಳ್ರಿ. ಮೆಂಬರ್ ಸಾಹೇಬ್ರು ಈಗಿಂದೀಗ ಕೊಂಡವಾಡಕ್ಕ ನಡದಾರ. ನೀಲವ್ವ ಕದ್ದ ಮೇಯಿಸಿಲ್ಲ, ನಮ್ಮ ಹಲಗಿ ಕೇಳಿ ಎತ್ತ ಬಿಟ್ಟಾಳ, ಅಂತ ತಮ್ಮ ಕೈಲೆ ಬರದ ಕೊಟ್ಟು, ದಂಡ ತಾವ ಕಟ್ಟಿ, ಆಕಿ ಎತ್ತ ಬಿಡಿಸಿ ಕೊಡತಾರ."

ಸಾಹೇಬರು ಬಾಯಿ ತೆರೆದರು. ಭರಮಪ್ಪ ಕಾಕಾ ನನ್ನ ಮುಖ ನೋಡಿದ, ಸಾಹೇಬರ ಮುಖ ನೋಡಿದ, ಮುಕ್ತಾಯದ ಪೆಟ್ಟು ಹಾಕಿದ. ಸಾಹೇಬರು ಮತ್ತೆ ಬಾಯಿ ತೆರೆದರು. ಭರಮಪ್ಪ ಕಾಕಾ ಮತ್ತೊಂದು ಪೆಟ್ಟು ಹಾಕಿದ. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಮಾತ್ರ ಹಲಗಿಯ ಕೆಳಗೆ ಎಲ್ಲೋ ಸಿಕ್ಕಿಬಿದ್ದಿತ್ತು. ಶಾಸನಸಭೆಯಲ್ಲಿ ಇಂಥದ್ದೊಂದು ಹಲಗಿ ಇದ್ದರೆ ದೇಶಕ್ಕೆ ಒಳ್ಳೆಯದೆಂದು ನನಗೆ ಅನ್ನಿಸಿತು.

ಬೆಲ್ಲದ ವ್ಯಾಪಾರಿ ಪಾಯಪ್ಪಣ್ಣ ಮುಂದೆ ಬಂದು ಕೈ ಮುಗಿದರು. ಅವರ ಬೆಲ್ಲ ನೀಲವ್ವನ ಗಾಡಿಯಲ್ಲೇ ಹೋಗುತ್ತಿತ್ತು. "ಬರ್ರಿ ಸಾಹೇಬ್ರ, ನಡೀರಿ. ಏ, ದಾರಿ ಬಿಡ್ರೋ ಸಾಹೇಬ್ರಿಗೆ," ಎಂದರು. ಜನ ಬಹಳ ಮರ್ಯಾದೆಯಿಂದ ದಾರಿ ಬಿಟ್ಟರು, ಆದರೆ ಒಂದೇ ಕಡೆಗೆ. ಸಾಹೇಬರ ಮೋಟಾರು ನಿಂತಿದ್ದ ಕಡೆ ಒಬ್ಬರೂ ಅಲುಗಲಿಲ್ಲ. ಹಲಗಿ ಮೇಲೆ ಹೇಳಿಯಾಗಿತ್ತು; ಸಾಹೇಬರು ಇನ್ನು ಎಲ್ಲಿಗೆ ಹೋಗುತ್ತಾರೆಂದು ಯಾರಿಗೂ ಅನುಮಾನವಿರಲಿಲ್ಲ.

ಅವರು ನಡೆದರು. ಗದ್ದಲ ಕೇಳಿ ಕಚೇರಿಯಿಂದ ತಾಲೂಕಿನ ಅಧಿಕಾರಿ ಮಾಮಲೇದಾರರು ಹೊರಗೆ ಬಂದರು. ಮೆಂಬರರು ಸ್ವತಃ ಬಂದಿದ್ದಾರೆಂದು ಕುರ್ಚಿ ತರಿಸಿದರು, ಮಸಿ ತರಿಸಿದರು. ಸಾಹೇಬರು ನಿಂತೇ ಬರೆದರು. ಬರೆಯುವಾಗ ಕೋಟಿನ ತೋಳಿಗೆ ಮಸಿಯಾಯಿತು. ಇದು ನನ್ನ ಒಗ್ಗರಣೆಯಲ್ಲ, ಪಾಯಪ್ಪಣ್ಣನವರನ್ನು ಬೇಕಾದರೆ ಕೇಳಿ. ಮಾಮಲೇದಾರರು ಓದಿಕೊಂಡು, ಕಳವಿನ ಮುಚ್ಚಳಿಕೆ ಬೇಕಿಲ್ಲ ಎಂದು ಗುಮಾಸ್ತನಿಗೆ ಹೇಳಿದರು. ಸಾಹೇಬರು ತಮ್ಮ ಕಿಸೆಯಿಂದ ದಂಡ ಕಟ್ಟಿದರು, ಲಿಲಾವು ನಿಂತಿತು.

ಗೇಟು ತೆಗೆದಾಗ ಕೆಂಚ್ಯಾ ಓಡಿ ಬಂತು. ಬಿಳ್ಯಾ ಬರಲು ಬಹಳ ಹೊತ್ತು ಹಿಡಿಯಿತು. ಅದರ ಪಕ್ಕೆಲುಬು ದೂರದಿಂದಲೇ ಲೆಕ್ಕಕ್ಕೆ ಸಿಗುತ್ತಿತ್ತು. ಈ ವಾಕ್ಯದಲ್ಲೂ ಉಪ್ಪು ಖಾರ ಇಲ್ಲ. ನೀಲವ್ವ ಅದರ ಬೆನ್ನ ಮೇಲೆ ಕೈ ಇಟ್ಟಳು. ಸಾಹೇಬರಿಗೆ ನಮಸ್ಕಾರ ಮಾಡಲಿಲ್ಲ, ಬೈಯಲೂ ಇಲ್ಲ.

"ಸಾಹೇಬ್ರ," ಎಂದಳು, "ಮುಂಬೈಯಾಗ ಮಾತಾಡ್ರಿ, ಬ್ಯಾಡನ್ನಂಗಿಲ್ಲ. ಆ ಮಾತಿನ ಹಿಂದಿಂದ ನೀವೂ ಬರ್ರಿ. ನನ್ನ ಎತ್ತನ ಮುಂದ ಕಳಿಸಬ್ಯಾಡ್ರಿ."

ಸಾಹೇಬರು ಮೋಟಾರು ಹತ್ತುವಾಗ ನನ್ನನ್ನು ನಿವೃತ್ತಿಗೊಳಿಸಿದರು. ಬಳಸಿದ ಶಬ್ದಗಳು ಶಾಸನಸಭೆಗೆ ತಕ್ಕವಲ್ಲ. ಅಡಿಕೆ ಕತ್ತರಿಸುತ್ತ ಹೇಳಿದ್ದ ಮಾತನ್ನು ಮಾತ್ರ ಇವತ್ತಿಗೂ ಒಪ್ಪಿಕೊಂಡಿಲ್ಲ. ಅವರು ಒಪ್ಪುವತನಕ ನನ್ನ ಸಿಟ್ಟೂ ನಿವೃತ್ತಿಯಾಗುವುದಿಲ್ಲ.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಬೇರೆಯವರ ಮಾತಿಗೆ ನಮ್ಮ ದನಿ ಕೊಡುವಾಗ, ಕೇಳಿದವರು ನಾಳೆ ಅದರ ಮೇಲೆ ಹೆಜ್ಜೆ ಇಡುತ್ತಾರೆಂದು ತಿಳಿದಿರಬೇಕು. ನೆಲ ಗಟ್ಟಿ ಇದೆಯೋ ಇಲ್ಲವೋ, ಮಾತಿನ ಒಡೆಯನನ್ನು ಮೊದಲು ಅಲ್ಲಿ ನಿಲ್ಲಿಸಿ ನೋಡಬೇಕು.

ನನ್ನ ಜಾಗಕ್ಕೆ ಈಗ ಸಾಹೇಬರ ಸೋದರಳಿಯ ಬಂದಿದ್ದಾನೆ. ದನಿ ಸೊಳ್ಳೆಯದು. ಮೊನ್ನೆ ಅವನು ಗೋಕಾಕದ ಅದೇ ಕಟ್ಟೆಯ ಮೇಲೆ ನಿಂತು, ರಸ್ತೆಗಳ ಬಗ್ಗೆ ಸನ್ಮಾನ್ಯ ಸದಸ್ಯರ ಅಭಿಪ್ರಾಯವೇನೆಂದರೆ ಎಂದು ಶುರು ಮಾಡಿದ. ನೀಲವ್ವ ಬೆಲ್ಲ ಹೇರಿದ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಬಿಳ್ಯಾನ ಜಾಗದಲ್ಲಿ ಹೊಸ ಎತ್ತು ಇತ್ತು.

"ಸಾಹೇಬ್ರು ಎಲ್ಲದಾರೊ ತಮ್ಮಾ?" ಎಂದು ಕೇಳಿದಳು.

ಹುಕ್ಕೇರಿಯಲ್ಲಿ ಎಂದ ಅವನು.

"ಹೋಗಿ ಕರಕೊಂಡ ಬಾ. ಅವರು ಬಂದ ನಿಂತ ಮ್ಯಾಲ ಓದು," ಎಂದು ಹೇಳಿ ಗಾಡಿ ಹೊಡೆದಳು. ಸಂತೆಯೂ ಅವಳ ಹಿಂದೆಯೇ ಚೆದುರಿತು. ಕಟ್ಟೆಯ ಹತ್ತಿರ ಆಡು ಒಂದೇ ಉಳಿಯಿತು.